ಹೊಲಿಗೆ ಮಾತು: ಕಿಲ್ಟ್ ಉಡಲೇ, ಸೂಟ್ ತೊಡಲೇ?

(ಮೈಸೂರಿನಲ್ಲಿ ನಲವತ್ತೊಂದು ವರ್ಷ ಹೊಲಿಗೆ ಅಂಗಡಿ ನಡೆಸಿ ಈಗ ವಿಶ್ರಾಂತಿಯಲ್ಲಿರುವ ನಮ್ಮ ಅಂಕಣಕಾರರು ಉಡುಗೆ ತೊಡುಗೆ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ನನ್ನೂರು ಶ್ರೀರಂಗಪಟ್ಟಣದ ಪಕ್ಕ. ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಜೊತೆ ನಾಲ್ಕು ವರ್ಷ ಕೆಲಸ ಮಾಡಿದ ಸ್ಕಾಟ್‌ಲೆಂಡಿನ ಗೆಳೆಯನ ಮದುವೆ ಜೂನ್‌ನಲ್ಲಿ, ಎಡಿನ್‌ಬರೋ ಹತ್ತಿರ. ಆಹ್ವಾನದಲ್ಲಿ ಗಂಡಸರಿಗೆ ‘ಕಿಲ್ಟ್ ಅಥವಾ ಸೂಟ್’ ಎಂದು ಬರೆದಿದ್ದಾರೆ. ಕಿಲ್ಟ್ ಅಂದರೆ ಅಲ್ಲಿಯ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿವರೆಗಿನ ನೆರಿಗೆಯ ಚೌಕಳಿ ಬಟ್ಟೆ. ‘ನೀನೂ ಕಿಲ್ಟ್ ಹಾಕು, ಬಾಡಿಗೆಗೆ ಸಿಗುತ್ತೆ, ನಾನೇ ವ್ಯವಸ್ಥೆ ಮಾಡ್ತೀನಿ’ ಅಂತ ಫೋನಿನಲ್ಲೂ ಹೇಳಿದ. ಅಕ್ಕನ ಮದುವೆಗೆ ಹೊಲಿಸಿದ ನೀಲಿ ಸೂಟ್ ಚೆನ್ನಾಗಿಯೇ ಇದೆ. ನಮ್ಮದಲ್ಲದ ಬಟ್ಟೆ ಹಾಕಿದರೆ ಅಲ್ಲಿಯ ನೆಂಟರಿಗೆ ಬೇಜಾರಾಗುತ್ತಾ? ಅಮ್ಮ ಬೇರೆ ‘ಲಂಗ ಉಟ್ಕೊಂಡು ಫೋಟೋ ತೆಗೆಸ್ಕೋಬೇಡ’ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಕಿಲ್ಟ್ ಹಾಕಿಕೊಳ್ಳಿ. ಮದುಮಗನೇ ಬಾಯಿಬಿಟ್ಟು ಕೇಳಿದ್ದಾನೆ, ಅಲ್ವಾ? ಅಷ್ಟು ಸಾಕು. ಅವನು ಕೇಳದೆ ಇದ್ದಿದ್ದರೆ ನಿಮ್ಮ ನೀಲಿ ಸೂಟ್ ಸಾಕು ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ತಂಗಿಯ ಮಗ ಗ್ಲಾಸ್ಗೋದಲ್ಲಿ ಓದಿ, ಅಲ್ಲೇ ಕೆಲಸ ಹಿಡಿದು, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. 2016ರ ಜುಲೈನಲ್ಲಿ ನಾನು, ನನ್ನ ಹೆಂಡತಿ ಹೋಗಿದ್ದೆವು. ಹುಡುಗಿಯ ಅಪ್ಪ ಮದುವೆಗೆ ಎರಡು ದಿನ ಮುಂಚೆ ನಾವಿದ್ದ ಮನೆಗೆ ಬಂದರು. ಕೈಯಲ್ಲಿ ಒಂದು ಕಿಲ್ಟ್. ಅವರ ತಮ್ಮನದಂತೆ. ‘ನಿಮ್ಮ ಅಳತೆಗೆ ಸರಿಹೋಗಬಹುದು, ಹಾಕಿಕೊಳ್ಳುತ್ತೀರಾ?’ ಎಂದು ಕೇಳಿದರು. ನಾನು ಬೇಡ ಅಂದೆ. ನಾನೇ ಹೊಲಿದುಕೊಂಡ ಬೂದು ಬಣ್ಣದ ಸೂಟ್ ಒಯ್ದಿದ್ದೆ. ಈ ವಯಸ್ಸಿನಲ್ಲಿ ಮೊಣಕಾಲು ಕಾಣುವ ಬಟ್ಟೆ ಹೇಗೆ ಹಾಕೋದು ಅನ್ನೋ ಸಂಕೋಚ. ಅವರು ಒತ್ತಾಯ ಮಾಡಲಿಲ್ಲ. ಮಡಚಿ ಕೈಮೇಲೆ ಹಾಕಿಕೊಂಡು ಹೊರಟರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ ಆರತಕ್ಷತೆ ಇಟ್ಟುಕೊಂಡೆವು. ಅವರು ಬಂದವರೇ ನನ್ನನ್ನು ಹುಡುಕಿಕೊಂಡು ಬಂದು ‘ನನಗೆ ಪಂಚೆ ಉಡಿಸಿ’ ಅಂದರು. ಜರಿ ಅಂಚಿನ ಪಂಚೆ ನಾನೇ ಉಡಿಸಿದೆ. ತಲೆಗೆ ಪೇಟ ಇಟ್ಟೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬಾಳೆ ಎಲೆಯಲ್ಲಿ ಹೋಳಿಗೆ ಊಟ ಮಾಡಿದರು. ಕಾಲು ಜೋಮು ಹಿಡಿದಿತ್ತು, ಏಳುವಾಗ ಇಬ್ಬರು ಕೈ ಕೊಟ್ಟು ಎಬ್ಬಿಸಬೇಕಾಯಿತು. ಆದರೂ ಸಂಜೆಯವರೆಗೆ ಪಂಚೆ ಬಿಚ್ಚಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗ್ಲಾಸ್ಗೋದಲ್ಲಿ ಅವರು ಕಿಲ್ಟ್ ಮಡಚಿಕೊಂಡು ಹೋದದ್ದೇ ಕಣ್ಣ ಮುಂದೆ ಬರುತ್ತಿತ್ತು. ಆ ತಪ್ಪು ನೀವು ಮಾಡಬೇಡಿ.

ಈಗ ಅಮ್ಮನ ಮಾತಿಗೆ ಬರುತ್ತೇನೆ. ಕಿಲ್ಟ್ ಲಂಗ ಅಲ್ಲ. ಹೊಲಿಯುವವನಾಗಿ ಹೇಳುತ್ತೇನೆ, ಅದು ಪಂಚೆಯ ಸಂಬಂಧಿ. ಹಳೇ ಕಾಲದ ಕಿಲ್ಟ್‌ಗೆ ಹೊಲಿಗೆಯೇ ಇರಲಿಲ್ಲ. ಉದ್ದನೆಯ ಉಣ್ಣೆ ಬಟ್ಟೆ, ಅಷ್ಟೇ. ಅದನ್ನು ನೆರಿಗೆ ಹಿಡಿದು, ಸೊಂಟಕ್ಕೆ ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಚಳಿಗೆ ಅದನ್ನೇ ಹೊದೆಯುತ್ತಿದ್ದರು. ಸೊಂಟದಿಂದ ಕೆಳಗಿನ ಭಾಗವನ್ನು ಮಾತ್ರ ಇಟ್ಟುಕೊಂಡು ನೆರಿಗೆಗಳನ್ನು ಹೊಲಿದು ಕೂರಿಸಿದ್ದು ಹದಿನೆಂಟನೇ ಶತಮಾನದಲ್ಲಿ. ನಮ್ಮಲ್ಲಿ ಪಂಚೆ ‘ಉಡುತ್ತೇವೆ’, ಶರ್ಟು ‘ತೊಡುತ್ತೇವೆ’. ಕಿಲ್ಟ್ ಎರಡೂ ಹೌದು. ಹೊಲಿದ ಬಟ್ಟೆ, ಆದರೆ ಸುತ್ತಿ ಉಡಬೇಕು.

ಗ್ಲಾಸ್ಗೋದಲ್ಲಿ ಮದುವೆ ಮುಗಿದ ಮೇಲೆ ನನ್ನ ತಂಗಿಯ ಮಗನ ಕಿಲ್ಟ್ ಕೈಗೆ ತೆಗೆದುಕೊಂಡು ಮೇಜಿನ ಮೇಲೆ ಹರಡಿ ನೋಡಿದೆ. ಒಂದು ಗಂಟೆ ನೋಡಿರಬೇಕು. ಒಳ್ಳೆಯ ಕಿಲ್ಟ್‌ಗೆ ಎಂಟು ಗಜ ಬಟ್ಟೆ ಬೇಕು. ಮೀಟರಿನಲ್ಲಿ 7.3. ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ. ನಮ್ಮಜ್ಜಿ ಉಡುತ್ತಿದ್ದ ಹದಿನಾರು ಮೊಳದ ಸೀರೆಯಷ್ಟೇ ಉದ್ದ! ಅದೆಲ್ಲ ಹೋಗಿ ಕೂತಿರುವುದು ಹಿಂಬದಿಯ ನೆರಿಗೆಯೊಳಗೆ. ಇಪ್ಪತ್ತೇಳು ನೆರಿಗೆ ಎಣಿಸಿದೆ. ಮುಂಭಾಗ ಪೂರ್ತಿ ಚಪ್ಪಟೆ, ಒಂದರ ಮೇಲೊಂದು ಎರಡು ಪದರ. ನಮ್ಮ ಪಂಚೆಗೆ, ಸೀರೆಗೆ ನೆರಿಗೆ ಮುಂದೆ ಬರುತ್ತದೆ. ಅವರದು ಬೆನ್ನ ಕಡೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೆರಿಗೆಯ ಲೆಕ್ಕ. ಚೌಕಳಿ ಬಟ್ಟೆಯನ್ನು ಇಷ್ಟು ಆಳ ಮಡಚಿದರೂ ಹಿಂದಿನಿಂದ ನೋಡಿದಾಗ ಚೌಕಳಿ ಎಲ್ಲೂ ಮುರಿದಿರಲಿಲ್ಲ. ಮಡಚದ ಬಟ್ಟೆಯ ಹಾಗೇ ಗೆರೆಗೆ ಗೆರೆ ಕೂಡಿತ್ತು. ಪ್ರತಿ ನೆರಿಗೆಯಲ್ಲೂ ವಿನ್ಯಾಸದ ಮುಂದಿನ ತುಂಡು ಮೇಲೆ ಬರುವಂತೆ ಲೆಕ್ಕ ಹಾಕಿ ಮಡಚಬೇಕು. ಸೊಂಟದಲ್ಲಿ ಕಿರಿದು, ಕೆಳಗೆ ಬರುತ್ತಾ ಅಗಲ. ಪೃಷ್ಠದವರೆಗೆ ಕೈಹೊಲಿಗೆ, ಅಲ್ಲಿಂದ ಕೆಳಗೆ ನೆರಿಗೆ ಬಿಡುಬೀಸು. ಎರಡು ತುಂಡು ಬಟ್ಟೆ ಕೂಡಿಸಿದ ಜಾಗ ಹುಡುಕಿದೆ. ನೆರಿಗೆಯ ಒಳಗೆ ಅಡಗಿಸಿದ್ದರು. ಕಣ್ಣಿಗೆ ಕಾಣಲಿಲ್ಲ, ಬೆರಳಿಗೆ ಸಿಕ್ಕಿತು. ಹೊಲಿದವರು ಯಾರೋ ಗೊತ್ತಿಲ್ಲ, ಮನಸ್ಸಿನಲ್ಲೇ ಕೈಮುಗಿದೆ. ಅಮ್ಮನಿಗೆ ಇದನ್ನೆಲ್ಲ ಹೇಳಿ. ಸಾಧ್ಯವಾದರೆ ಬಟ್ಟೆ ಕೈಗೆ ಬಂದ ಮೇಲೆ ವಿಡಿಯೋ ಕಾಲ್‌ನಲ್ಲಿ ಹಿಂಬದಿ ತೋರಿಸಿ.

ಅಲ್ಲಿಯವರಿಗೆ ಬೇಜಾರಾಗುತ್ತಾ ಅಂದಿರಿ. ಆ ಬಟ್ಟೆಗಾಗಿ ಅವರ ಹಿರಿಯರು ಜೈಲಿಗೆ ಹೋಗಬೇಕಾದ ಕಾಲವಿತ್ತು. 1746ರಲ್ಲಿ ಕಲೋಡನ್ ಎಂಬಲ್ಲಿ ನಡೆದ ಯುದ್ಧದಲ್ಲಿ ಬಂಡೆದ್ದ ಬೆಟ್ಟನಾಡಿನವರು ಸೋತ ಮೇಲೆ ಬ್ರಿಟಿಷ್ ಸರ್ಕಾರ ಅವರ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಜೈಲು. ಎರಡನೇ ಸಲ ಏಳು ವರ್ಷ ಸಮುದ್ರದಾಚೆಗೆ ಗಡೀಪಾರು. ಆ ಕಾನೂನು ಹೋದದ್ದು 1782ರಲ್ಲಿ. ಇಂಥ ಬಟ್ಟೆಯನ್ನು ಮಂಡ್ಯದ ಹುಡುಗನೊಬ್ಬ ಅಷ್ಟು ದೂರದಿಂದ ಬಂದು, ಕಲಿತುಕೊಂಡು, ಸರಿಯಾಗಿ ಉಟ್ಟರೆ ಅವರು ಖುಷಿಪಡುತ್ತಾರೆ. ತಮಾಷೆ ವೇಷದ ಹಾಗೆ ಹಾಕಿಕೊಂಡರೆ ಮಾತ್ರ ನೋವಾಗುತ್ತದೆ. ಇನ್ನೊಂದು ಮಾತು. ನಿಮ್ಮೂರಿಗೆ ಸ್ಕಾಟ್‌ಲೆಂಡಿನವರು ಹೊಸಬರಲ್ಲ. 1799ರ ಮೇ 4ರಂದು ಪಟ್ಟಣದ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್ ಆ ದೇಶದವನು. 73 ಮತ್ತು 74ನೇ ಹೈಲ್ಯಾಂಡ್, ಅಂದರೆ ಬೆಟ್ಟನಾಡಿನ, ಪಡೆಗಳೂ ಜೊತೆಗಿದ್ದವು. ಅದಕ್ಕೂ ಮುಂಚೆ ಅವನು ಅದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದ. ಮದುವೆ ಮನೆಯಲ್ಲಿ ಯಾರಾದರೂ ಹಿರಿಯರು ನಿಮ್ಮೂರು ಯಾವುದು ಅಂತ ಕೇಳಿದರೆ ಮಾತಿಗೆ ದಾರಿಯಾದೀತು.

ಯಾವ ಟಾರ್ಟನ್, ಅಂದರೆ ಯಾವ ಚೌಕಳಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಮನೆತನಗಳದ್ದು ಇವೆ, ಊರುಗಳದ್ದು ಇವೆ, ಎಲ್ಲರೂ ಹಾಕಬಹುದಾದದ್ದೂ ಇವೆ. ಬ್ಲ್ಯಾಕ್ ವಾಚ್ ಎಂಬ ಕಡುನೀಲಿ ಹಸಿರಿನದು ಯಾರಿಗಾದರೂ ಒಪ್ಪುತ್ತದೆ. ಮದುಮಗ ಮತ್ತು ಅವನ ಜೊತೆ ನಿಲ್ಲುವವರು ಯಾವುದು ಹಾಕುತ್ತಾರೆ ಎಂದು ಕೇಳಿಕೊಳ್ಳಿ. ಅವನಾಗಿ ಹೇಳದಿದ್ದರೆ ಅದನ್ನೇ ಆರಿಸಬೇಡಿ. ಅದು ಮನೆಯವರ ಗುರುತು.

ಅಳತೆಯಲ್ಲೇ ಎಲ್ಲರೂ ಎಡವುವುದು. ದಯವಿಟ್ಟು ಜೀನ್ಸ್ ಸೈಜ್ ಬರೆದು ಕಳಿಸಬೇಡಿ. ಕಿಲ್ಟ್ ನಿಲ್ಲುವುದು ಪ್ಯಾಂಟಿನ ಜಾಗದಲ್ಲಿ ಅಲ್ಲ, ಅದಕ್ಕಿಂತ ಮೇಲೆ, ಹೊಕ್ಕುಳ ಮಟ್ಟದಲ್ಲಿ. ಟೇಪ್ ಹಿಡಿದು ಅಲ್ಲೇ ಅಳೆಯಿರಿ. ಪೃಷ್ಠದ ಅತಿ ಅಗಲದ ಜಾಗ ಅಳೆಯಿರಿ. ಆಮೇಲೆ ಹೊಕ್ಕುಳಿನಿಂದ ಮಂಡಿಚಿಪ್ಪಿನ ನಡುವಿನವರೆಗೆ. ನೀವೇ ಬಗ್ಗಿ ಅಳೆದರೆ ತಪ್ಪುತ್ತದೆ, ಬೇರೆಯವರ ಕೈಯಲ್ಲಿ ಅಳೆಸಿ. ನನ್ನ ತಂಗಿಯ ಮಗನ ಗೆಳೆಯನೊಬ್ಬ ಪ್ಯಾಂಟಿನ ಅಳತೆ ಕೊಟ್ಟು, ಮದುವೆ ದಿನ ಬೆಳಿಗ್ಗೆ ಡಬ್ಬ ತೆರೆದು ಕೂತಿದ್ದ. ಬಕಲ್ ಸೇರಲೇ ಇಲ್ಲ. ನೀವು ಒಂದು ದಿನ ಮುಂಚೆಯೇ ಹಾಕಿ ನೋಡಿ. ನೀಲಿ ಸೂಟ್ ಕೂಡ ಪೆಟ್ಟಿಗೆಯಲ್ಲಿ ಇರಲಿ.

ಉಡುವಾಗ ನೆರಿಗೆ ಹಿಂದೆ, ಮೇಲಿನ ಪದರದ ಅಂಚು ನಿಮ್ಮ ಬಲಗಡೆಗೆ. ಜೊತೆಗೊಂದು ಪಿನ್ ಬರುತ್ತದೆ. ಅದನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಿ. ಎರಡಕ್ಕೂ ಸೇರಿಸಿ ಚುಚ್ಚಿದರೆ ನಡೆಯುವಾಗ ಬಟ್ಟೆ ಎಳೆಯುತ್ತದೆ, ಹರಿಯಲೂಬಹುದು. ಕಾಲುಚೀಲ ಮಂಡಿಗಿಂತ ಮೂರು ಬೆರಳು ಕೆಳಗೆ ನಿಲ್ಲಬೇಕು. ಮುಂದೆ ತೂಗುವ ಚೀಲಕ್ಕೆ ಸ್ಪೋರನ್ ಅನ್ನುತ್ತಾರೆ. ಕಿಲ್ಟ್‌ಗೆ ಜೇಬಿಲ್ಲ, ಫೋನು ದುಡ್ಡು ಎಲ್ಲ ಅದರಲ್ಲೇ. ಬೂಟಿನ ಲೇಸು ಉದ್ದ ಇರುತ್ತದೆ, ಕಣಕಾಲಿಗೆ ಸುತ್ತಿ ಕಟ್ಟಬೇಕು. ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚಾಕು ಕೊಟ್ಟರೆ ಮದುವೆ ಮುಗಿದ ಕೂಡಲೇ ವಾಪಸ್ ಕೊಟ್ಟುಬಿಡಿ. ಅದು ಕೈಚೀಲದಲ್ಲಿ ವಿಮಾನ ಹತ್ತುವ ವಸ್ತು ಅಲ್ಲ. ಒಳಗೆ ಚಡ್ಡಿ ಖಂಡಿತ ಇರಲಿ. ಯಾರು ಏನೇ ಹೇಳಲಿ, ಬಾಡಿಗೆ ಬಟ್ಟೆ ಅದು.

ಕೂರುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಎರಡೂ ಕೈಯಿಂದ ಹಿಂದಿನ ನೆರಿಗೆ ಸವರಿಕೊಂಡು ಕೂರಬೇಕು. ನಮ್ಮ ಹೆಣ್ಣುಮಕ್ಕಳು ರೇಷ್ಮೆ ಸೀರೆಯಲ್ಲಿ ಕೂರುವಾಗ ಮಾಡುತ್ತಾರಲ್ಲ, ಹಾಗೇ. ಎರಡು ಮಂಡಿಯೂ ಹತ್ತಿರ ಹತ್ತಿರ ಇರಲಿ. ರಾತ್ರಿ ‘ಕೇಲಿ’ ಕುಣಿತ ಇರುತ್ತದೆ. ಒಬ್ಬರು ಹೆಜ್ಜೆ ಕೂಗಿ ಹೇಳುತ್ತಾರೆ, ಎಲ್ಲರೂ ಜೋಡಿಯಾಗಿ ಸುತ್ತುತ್ತಾರೆ. ಗೊತ್ತಿಲ್ಲ ಅಂತ ಗೋಡೆಗೆ ಒರಗಿ ನಿಲ್ಲಬೇಡಿ. ಕುಣಿಯುವ ಮುಂಚೆ ಸ್ಪೋರನ್ ಅನ್ನು ಪಕ್ಕಕ್ಕೆ ಸರಿಸಿಕೊಳ್ಳಿ. ತಿರುಗುವಾಗ ಆ ಹದಿನಾರು ಮೊಳ ಉಣ್ಣೆ ಬಿಚ್ಚಿಕೊಂಡು ಸುತ್ತುವುದನ್ನು ನಾನು ಗೋಡೆ ಪಕ್ಕ ಸೂಟಿನಲ್ಲಿ ನಿಂತು ನೋಡಿದ್ದೇನೆ. ನೆರಿಗೆ ಹಿಂದೆ ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಪ್ರಶ್ನೆ: ಮಂಡ್ಯದಲ್ಲಿ ಮೇ ತಿಂಗಳಲ್ಲಿ ತಮ್ಮನ ಆರತಕ್ಷತೆ. ನಾನು ಸೂಟ್ ಹೊಲಿಸಬೇಕೆಂದಿದ್ದೇನೆ. ಬೀಗರೂಟಕ್ಕೂ ಅದನ್ನೇ ಹಾಕಬಹುದೇ?

ಉತ್ತರ: ಆರತಕ್ಷತೆಗೆ ಹಾಕಿ. ತೆಳು ಉಣ್ಣೆ ಬಟ್ಟೆ ತೆಗೆದುಕೊಳ್ಳಿ, ಪಾಲಿಯೆಸ್ಟರ್ ಬೇಡ, ಮೇ ಸೆಕೆಯಲ್ಲಿ ಬೆವರು ಆರುವುದಿಲ್ಲ. ಕೋಟಿಗೆ ಅರ್ಧ ಲೈನಿಂಗ್ ಸಾಕು ಅಂತ ಟೈಲರ್‌ಗೆ ಹೇಳಿ. ಬೀಗರೂಟಕ್ಕೆ ಖಂಡಿತ ಬೇಡ. ಅವತ್ತು ಮನೆಯವರು ಬಡಿಸಲು ಓಡಾಡಬೇಕು. ಬಿಳಿ ಪಂಚೆ, ಅರ್ಧ ತೋಳಿನ ಶರ್ಟು.

ಪ್ರಶ್ನೆ: ಮಗಳ ಮದುವೆ ಮೈಸೂರಿನಲ್ಲೇ. ಅವಳ ಆಫೀಸಿನ ಸ್ಕಾಟ್‌ಲೆಂಡಿನ ಹುಡುಗನೊಬ್ಬ ಬರುತ್ತಿದ್ದಾನೆ. ‘ಕಿಲ್ಟ್ ಹಾಕಿಕೊಂಡು ಬರಲೇ, ಸೂಟ್ ಹಾಕಲೇ’ ಎಂದು ಕೇಳಿದ್ದಾನೆ. ಧಾರೆ ಹೊತ್ತಿನಲ್ಲಿ ನೆಂಟರು ಏನಂದುಕೊಳ್ಳುತ್ತಾರೋ ಎಂದು ಯೋಚನೆ.

ಉತ್ತರ: ಅವನ ಮನೆಯ ಮದುವೆಗೆ ಅವನು ಹಾಕುವ ಬಟ್ಟೆ ಅದು. ನಿಮ್ಮ ಮಗಳ ಮದುವೆಯನ್ನೂ ಅಷ್ಟೇ ದೊಡ್ಡದು ಅಂದುಕೊಂಡಿದ್ದಾನೆ. ಬರಲಿ ಅನ್ನಿ. ನೆಂಟರಿಗೆ ನೀವೇ ಮೊದಲು ಪರಿಚಯ ಮಾಡಿಸಿ, ‘ಇದು ಅವರ ಊರಿನ ಮದುವೆ ಉಡುಪು’ ಅಂತ. ಅಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಕೆಲವು ವಿಷಯ ಅವನಿಗೆ ಮುಂಚೆಯೇ ತಿಳಿಸಿ. ಭಾರದ ಉಣ್ಣೆಯ ಕಿಲ್ಟ್ ಎರಡು ಕೆಜಿ ಹತ್ತಿರ ತೂಗುತ್ತದೆ. ಹಗುರ ಬಟ್ಟೆಯದು ಇದ್ದರೆ ಅದನ್ನೇ ತರಲಿ, ಉಣ್ಣೆ ಕೋಟಿನ ಬದಲು ಶರ್ಟು ಸಾಕು. ಮಂಟಪದ ಹತ್ತಿರ ಹೋಗುವಾಗ ಬೂಟು ಬಿಚ್ಚಬೇಕು. ಆ ಉದ್ದ ಲೇಸು ಬಿಚ್ಚಲು ಹೊತ್ತು ಹಿಡಿಯುತ್ತದೆ, ಅಕ್ಷತೆ ಹಾಕುವ ಗಳಿಗೆ ತಪ್ಪಿಹೋಗಬಹುದು. ಹತ್ತು ನಿಮಿಷ ಮುಂಚೆ ಯಾರಾದರೂ ಹೇಳಿ. ಸ್ಪೋರನ್ ಚರ್ಮದ್ದು. ನಿಮ್ಮ ಮನೆಯಲ್ಲಿ ಚರ್ಮ ಮಂಟಪದ ಹತ್ತಿರ ಬರಬಾರದು ಅಂತಿದ್ದರೆ ಮೆಲ್ಲಗೆ ತಿಳಿಸಿ, ತೆಗೆದು ಇಟ್ಟುಬರುತ್ತಾನೆ. ಚಾಕು ಊರಲ್ಲೇ ಬಿಟ್ಟುಬರಲಿ. ನೆಲದ ಪಂಕ್ತಿಯಲ್ಲಿ ಕೂರಿಸಬೇಡಿ. ಕಿಲ್ಟ್ ಉಟ್ಟು ಚಕ್ಕಳಮಕ್ಕಳ ಹಾಕುವುದು ಕಷ್ಟ, ಅವನಿಗೂ ಮುಜುಗರ. ಮೇಜಿನ ಪಂಕ್ತಿಯಲ್ಲಿ ಜಾಗ ಇಡಿ.

ಮನೆಯಲ್ಲಿ ಒಂದು ಪಂಚೆಯನ್ನೂ ಇಸ್ತ್ರಿ ಮಾಡಿಸಿ ಇಟ್ಟಿರಿ. ಸಂಜೆ ಅವನೇ ಕೇಳಬಹುದು. ಎತ್ತರದ ಹುಡುಗನಾದರೆ ಅಂಗಡಿಯ ಮಾಮೂಲಿ ಪಂಚೆ ಕಣಕಾಲಿಗಿಂತ ಮೇಲೆ ನಿಲ್ಲುತ್ತದೆ, ಅಗಲ ಜಾಸ್ತಿ ಇರುವುದನ್ನು ಕೇಳಿ ತನ್ನಿ. ಸೊಂಟಕ್ಕೆ ಬೆಲ್ಟ್ ಕೊಡಿ. ರೆಡಿಮೇಡ್ ಪೇಟಕ್ಕೆ ತಲೆಯ ಸುತ್ತಳತೆ ಬೇಕು, ಈಗಲೇ ಮಗಳ ಕೈಲಿ ಮೆಸೇಜ್ ಮಾಡಿಸಿ ತರಿಸಿಕೊಳ್ಳಿ.