ಭೂತಾನ್ ಅಡಿಕೆ ಬಂದರೆ ಶಿರಸಿಯಲ್ಲಿ ದರ ಬೀಳುತ್ತಾ?

ಸ್ವಲ್ಪ ಬೀಳಬಹುದು. ಆದರೆ ನಿಜವಾದ ತಲೆನೋವು ಭೂತಾನ್ ಅಲ್ಲ.

ಹೊರಗಿನ ಅಡಿಕೆಗೆ ನಮ್ಮಲ್ಲಿ ಶೇ. 100 ಆಮದು ಸುಂಕ ಇದೆ. ನೆರೆಯ ಕೆಲವು ದೇಶಗಳಿಗೆ ವ್ಯಾಪಾರ ಒಪ್ಪಂದದ ಮೇಲೆ ರಿಯಾಯಿತಿ ಸಿಗುತ್ತದೆ. ಸುಂಕ ಒಂದೇ ಸಾಲದು ಅಂತ ಸರ್ಕಾರ ಕನಿಷ್ಠ ಆಮದು ಬೆಲೆಯನ್ನೂ ಇಟ್ಟಿದೆ, ಅಂದರೆ ಅದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರು.

2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಈ ಬೆಲೆಯ ಷರತ್ತು ಸಡಿಲಿಸಿದರು. ಬೆಳೆಗಾರರು ಗಾಬರಿಯಾದರು, ಅದು ಸಹಜವೇ. ಆದರೆ ಗಮನಿಸಿ, ಅದು ಹಸಿ ಅಡಿಕೆ. ಸುಲಿದು ಒಣಗಿಸಿದರೆ ಐದರಲ್ಲಿ ಒಂದು ಪಾಲು ಉಳಿಯೋದೂ ಕಷ್ಟ, ತೋಟ ಇದ್ದವರಿಗೆ ಗೊತ್ತಲ್ವಾ? ದೇಶದ ಬೆಳೆ ಲಕ್ಷಗಟ್ಟಲೆ ಟನ್. ಅದರ ಮುಂದೆ ಇದು ಏನೂ ಅಲ್ಲ.

ಹೆದರಬೇಕಾದ್ದು ಕಳ್ಳಮಾಲಿಗೆ. ಇಂಡೋನೇಷ್ಯಾ ಅಡಿಕೆ ಮ್ಯಾನ್ಮಾರ್ ಗಡಿ ದಾಟಿ ಮಿಜೋರಾಂ, ಮಣಿಪುರದ ಮೂಲಕ ಒಳಗೆ ಬರುತ್ತದೆ. ಇದಕ್ಕೆ ಸುಂಕವೂ ಇಲ್ಲ, ಕನಿಷ್ಠ ಬೆಲೆಯೂ ಇಲ್ಲ. ಇನ್ನು ಕೆಲವರು ಸುಂಕ ತಪ್ಪಿಸಲು ಬಂದರಿನಲ್ಲಿ ಕಾಗದದ ಮೇಲೆ ಬೇರೆಯೇ ಸಾಮಾನಿನ ಹೆಸರು ಬರೆಯುತ್ತಾರೆ.

ಹೀಗೆ ಬರೋದು ಹೆಚ್ಚಾಗಿ ಹಣ್ಣಾದ ಮೇಲೆ ಒಣಗಿಸಿದ ಅಡಿಕೆ. ಹಾಗಾಗಿ ಮೊದಲ ಏಟು ನಮ್ಮ ಚಾಲಿಗೆ, ಅಂದರೆ ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಗೆ. ಎಳೆಯದರಲ್ಲೇ ಕೊಯ್ದು, ಸುಲಿದು, ಬೇಯಿಸಿ, ಬಣ್ಣ ಕಟ್ಟಿಸಿದ ಕೆಂಪಡಿಕೆಗೆ, ಅಂದರೆ ‘ರಾಶಿ’ಗೆ, ಈ ಮಾಲು ನೇರ ಪೈಪೋಟಿ ಕೊಡಲಾರದು. ಮಾರುಕಟ್ಟೆಯ ಟೆಂಡರ್ ದರಪಟ್ಟಿ ನೋಡುವಾಗ ಎರಡನ್ನೂ ಬೇರೆ ಬೇರೆಯಾಗೇ ನೋಡಿ.