ಬಿಡಿಭಾಗ ಸಿಗದ ಊರಿಗೆ ಚಂದ್ರನ ವಾಚು

ಪತ್ರ: ಸಂಪಾದಕರಿಗೆ ಶರಣು. ಕಲಬುರಗಿಯೊಳಗ ನಂದೊಂದು ದಾಲ್ ಮಿಲ್ ಅದ. ವಯಸ್ಸು ಐವತ್ಮೂರು. ಚಹಾ ಬಿಟ್ಟರೆ ಚಟ ಯಾವುದೂ ಇಲ್ಲ. ಹೋದ ತಿಂಗಳು ಹೈದರಾಬಾದಿಗೆ ಹೋದಾಗ ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್ ವಾಚು ಕೈಗೆ ಕಟ್ಟಿ ನೋಡಿದೆ. ಚಂದ್ರನ ಮ್ಯಾಲೆ ಹೋಗಿ ಬಂದ ವಾಚಂತ. ಏಳು ಲಕ್ಷದ ಹತ್ತಿರ ಹೇಳ್ತಾರ. ಮನಸ್ಸು ಅಲ್ಲೇ ಉಳದದ. ಮನಿಯವರು ‘ಅದೇ ರೊಕ್ಕದಾಗ ಬಂಗಾರ ತರ್ರಿ’ ಅಂತಾರ. ಮಗ ‘ಸ್ಮಾರ್ಟ್ ವಾಚ್ ತಗೋರಿ ಪಪ್ಪಾ, ಹೃದಯದ ಬಡಿತಾನೂ ತೋರಸ್ತದ’ ಅಂತಾನ. ಗೆಳೆಯರು ಇದು ಇನ್ವೆಸ್ಟ್‌ಮೆಂಟ್, ಲಾಕರಿನಾಗ ಇಡು, ಲಗ್ನಕ್ಕ ಅಷ್ಟ ಹಾಕ್ಕೊ ಅಂತಾರ. ನಮ್ಮ ಅಪ್ಪಾರ ಎಚ್‌ಎಂಟಿ ಒಂದು ಅಲಮಾರಿಯೊಳಗ ಬಂದ್ ಬಿದ್ದದ, ವಾಚಿನ ಹುಚ್ಚು ಅಲ್ಲಿಂದಲೇ ಬಂದಿರಬೇಕು. ತಗೊಳ್ಳೋದೋ ಬ್ಯಾಡೋ, ಒಂದೇ ಮಾತಿನಾಗ ಹೇಳ್ರಿ. ಹೆಸರು ಹಾಕಬ್ಯಾಡ್ರಿ, ನಮ್ಮ ಮನಿಗೆ ನಿಮ್ಮ ಪತ್ರಿಕೆ ಬರ್ತದ.

ಉತ್ತರ: ಸಾಹುಕಾರರೇ, ಒಂದೇ ಮಾತಿನಲ್ಲಿ ಮುಗಿಸುವ ಗುಣ ನನಗಿದ್ದಿದ್ದರೆ ತಹಸೀಲ್ದಾರನಾಗುತ್ತಿದ್ದೆ, ಪತ್ರಿಕೆ ನಡೆಸುತ್ತಿರಲಿಲ್ಲ. ಆದರೂ ಕೇಳಿದ್ದೀರಿ, ಹೇಳಿಬಿಡುತ್ತೇನೆ: ಬ್ಯಾಡ. ಇನ್ನು ಸಮಾಧಾನದಿಂದ ಕೂತು ಮಾತಾಡೋಣ.

ನಿಮ್ಮ ಆಸೆ ಸಣ್ಣದಲ್ಲ, ಕೆಟ್ಟದ್ದೂ ಅಲ್ಲ. ಆ ವಾಚಿನ ಬಗ್ಗೆ ನಾನೂ ಸಾಕಷ್ಟು ಓದಿದ್ದೇನೆ. ನಾಸಾದವರು ಅದನ್ನು ಎರಡು ದಿನ 71 ಡಿಗ್ರಿ ಶಾಖದಲ್ಲಿಟ್ಟು, ಮೇಲೆ ಅರ್ಧ ಗಂಟೆ 93 ಡಿಗ್ರಿಯಲ್ಲಿ ಬೇಯಿಸಿ, ಬಳಿಕವೇ 1965ರಲ್ಲಿ ಪಾಸು ಮಾಡಿದರು. ಅಂದಮೇಲೆ ನಮ್ಮ ಮೇ ತಿಂಗಳ ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ. 1969ರಲ್ಲಿ ಬಜ್ ಆಲ್ಡ್ರಿನ್ ಅದನ್ನು ಕಟ್ಟಿಕೊಂಡೇ ಚಂದ್ರನ ಮೇಲೆ ಓಡಾಡಿದ್ದು. ಆರ್ಮ್‌ಸ್ಟ್ರಾಂಗ್ ಮಾತ್ರ ತಮ್ಮದನ್ನು ನೌಕೆಯೊಳಗೇ ಬಿಟ್ಟು ಇಳಿದಿದ್ದರು, ನೌಕೆಯ ಗಡಿಯಾರ ಕೆಟ್ಟು ಕೂತಿತ್ತು. ಮರುವರ್ಷ ಅಪೊಲೊ 13 ಆಕಾಶದಲ್ಲಿ ಕೆಟ್ಟಾಗ ದಾರಿ ತಿದ್ದಿಕೊಳ್ಳಲು ಎಂಜಿನನ್ನು 14 ಸೆಕೆಂಡು ಉರಿಸಬೇಕಿತ್ತು. ಆ 14 ಸೆಕೆಂಡನ್ನು ಅಳೆದದ್ದು ಇದೇ ಕೈವಾಚು. ಚಂದದ ಇತಿಹಾಸ. ಅದಕ್ಕೊಂದು ನಮಸ್ಕಾರ ಹಾಕಿ ಮುಂದೆ ಹೋಗೋಣ.

ನೀವು ಮೆಚ್ಚಿದ್ದು ಕ್ರೋನೋಗ್ರಾಫ್ ಜಾತಿಯ ವಾಚು. ಕ್ರೋನೋಗ್ರಾಫ್ ಎಂದರೆ ಸಮಯ ಬರೆಯುವ ಯಂತ್ರ. ಹೆಸರು ಬಂದದ್ದು ಕುದುರೆ ಜೂಜಿನಿಂದ. 1821ರಲ್ಲಿ ಪ್ಯಾರಿಸ್ಸಿನ ರೇಸಿನಲ್ಲಿ ನಿಕೊಲಾ ರಿಯೂಸೆಕ್ ಎಂಬ ಗಡಿಯಾರದವನು ಒಂದೊಂದು ಕುದುರೆ ಗೆರೆ ದಾಟಿದ ಹಾಗೆ ಬಿಲ್ಲೆಯ ಮೇಲೆ ಶಾಯಿಯ ಚುಕ್ಕೆ ಇಡುವ ಪೆಟ್ಟಿಗೆ ಮಾಡಿಕೊಂಡು ಬಂದಿದ್ದ. ಇವತ್ತಿನ ವಾಚಿನಲ್ಲಿ ಶಾಯಿ ಇಲ್ಲ, ಎರಡು ಗುಂಡಿ ಇವೆ: ಒಂದು ಒತ್ತಿದರೆ ಮುಳ್ಳು ಓಡುತ್ತದೆ, ನಿಲ್ಲುತ್ತದೆ, ಇನ್ನೊಂದು ಒತ್ತಿದರೆ ಸೊನ್ನೆಗೆ ಬರುತ್ತದೆ. ಅಂಚಿನ ಮೇಲೆ ವೇಗದ ಅಂಕಿ ಇರುತ್ತವೆ. ಕಿಲೋಮೀಟರ್ ಕಲ್ಲಿನ ಹತ್ತಿರ ಗುಂಡಿ ಒತ್ತಿ, ಮುಂದಿನ ಕಲ್ಲಿಗೆ ನಿಲ್ಲಿಸಿ. 45 ಸೆಕೆಂಡು ಹಿಡಿದರೆ ಮುಳ್ಳು ಎಂಬತ್ತರ ಎದುರು ನಿಂತಿರುತ್ತದೆ. ಆದರೆ ಒಂದು ನಿಮಿಷ ದಾಟಿತೋ ಆ ಪಟ್ಟಿ ಮುಗಿಯಿತು, ಅರವತ್ತಕ್ಕಿಂತ ಕಡಿಮೆ ವೇಗ ಅದರಲ್ಲಿಲ್ಲ. ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದವರೆಗೆ ನಿಮ್ಮ ಕಾರು ಎಷ್ಟರಲ್ಲಿ ಹೋಗುತ್ತದೆ, ನೀವೇ ಹೇಳಿ!

ಈಗ ನಿಮ್ಮ ಮಿಲ್ಲಿಗೆ ಬರೋಣ. ಎಪಿಎಂಸಿಗೆ ಹೊಸ ತೊಗರಿ ಬರುವ ಜನವರಿ. ರಾತ್ರಿ ಎಂಟಕ್ಕೆ ರೋಲರಿನ ಬೇರಿಂಗು ಹೋಯಿತು ಅಂದುಕೊಳ್ಳಿ. ಏನು ಮಾಡುತ್ತೀರಿ? ಫಿಟ್ಟರನಿಗೆ ಫೋನು, ಅಂಗಡಿಯವನ ಮನೆ ಬಾಗಿಲು ಬಡಿದು ಬೇರಿಂಗು, ಬೆಳಗಿನೊಳಗೆ ಮಿಲ್ಲು ಶುರು. ಮೋಟಾರು ಸುಟ್ಟರೆ ರಿವೈಂಡಿಂಗ್ ಮಾಡುವವನು ಇಲ್ಲೇ ಇದ್ದಾನೆ. ಯಾವನೋ ಬಂದು, ‘ಸಾಹುಕಾರ್ರ, ಈ ರೋಲರ್ ಭಾಳ ಚಲೋ ಅದ, ಆದರ ಐದಾರು ವರ್ಷಕ್ಕೊಮ್ಮೆ ದೂರದೂರಿಗೆ ಕಳಿಸಿ ಬಿಚ್ಚಿಸಬೇಕು, ನಿಮ್ಮ ಫಿಟ್ಟರಗ ಇದರ ಸಾಮಾನು ನಾವು ಕೊಡಂಗಿಲ್ಲ’ ಅಂದರೆ ನೀವು ಅವನಿಗೆ ಚಹಾ ಕೂಡ ಕೇಳುತ್ತಿರಲಿಲ್ಲ. ಮಿಲ್ಲಿಗೆ ಒಪ್ಪದ ಕರಾರಿಗೆ ಮಣಿಕಟ್ಟು ಯಾಕೆ ಒಡ್ಡುತ್ತೀರಿ?

ಇದು ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ದೊಡ್ಡ ಸ್ವಿಸ್ ಕಂಪನಿಗಳು ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಕೊಡುವುದನ್ನು ನಿಲ್ಲಿಸುತ್ತ ಬಂದವು. ಯುರೋಪಿನ ರಿಪೇರಿಯವರೇ ಒಟ್ಟಾಗಿ 2004ರಲ್ಲಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟರು. ದೂರು ತಿರಸ್ಕಾರವಾಯಿತು, ಕೋರ್ಟಿಗೆ ಹೋಗಿ ಮತ್ತೆ ತೆರೆಸಿದರು, 2014ರಲ್ಲಿ ಮತ್ತೆ ತಿರಸ್ಕಾರ. 2017ರಲ್ಲಿ ಕೋರ್ಟೂ ಕಂಪನಿಗಳ ಕಡೆಗೇ ನಿಂತಿತು. ಆ ದೇಶಗಳಲ್ಲಿ ಹುಟ್ಟಿ ಅದೇ ಕೆಲಸ ಕಲಿತವರಿಗೆ ಸಿಗದ ಚಕ್ರ ಕಲಬುರಗಿಯ ಚಾಚಾನಿಗೆ ಸಿಗುತ್ತದೆಯೇ? ಸಾದಾ ವಾಚಿಗಿಂತ ಕ್ರೋನೋಗ್ರಾಫಿನ ಹೊಟ್ಟೆಯಲ್ಲಿ ಸಾಮಾನೂ ಜಾಸ್ತಿ, ಇನ್ನೂರು ದಾಟುತ್ತದೆ. ಬಿಚ್ಚುವ ಕೂಲಿಯೂ ಹಾಗೇ.

ಚಾಚಾ ಅಂದೆನಲ್ಲ, ಅವರ ವಿಷಯ ಹೇಳಲೇಬೇಕು. ನನ್ನ ಭಾವಮೈದುನ ದುಬೈನಿಂದ ಒಂದು ವಾಚು ತಂದುಕೊಟ್ಟಿದ್ದ. ಬ್ಯಾಟರಿಯದು, ಮೂರು ಪುಟ್ಟ ಗಡಿಯಾರ ಒಳಗೇ ಕೂತಿದ್ದವು. ಒಂದು ಮಹಾನಗರದ ದೊಡ್ಡ ಅಂಗಡಿಯಲ್ಲಿ ಬ್ಯಾಟರಿ ಹಾಕಿಸಿದೆ. ಅವತ್ತಿನಿಂದ ಸೆಕೆಂಡ್ ಮುಳ್ಳು ಸೊನ್ನೆಗೆ ಬರುವುದನ್ನು ಬಿಟ್ಟು ಏಳರ ಹತ್ತಿರ ಹೋಗಿ ನಿಲ್ಲತೊಡಗಿತು. ತಿರುಗಿ ಹೋದರೆ ಕೋಟು ಹಾಕಿದ ಹುಡುಗ ಹೇಳಿದ: ಕಂಪನಿಗೆ ಕಳಿಸಬೇಕು ಸಾರ್, ಆರು ವಾರ, ಖರ್ಚು ಆಮೇಲೆ ಗೊತ್ತಾಗುತ್ತದೆ. ಊರಿಗೆ ಬಂದು ಚೌಕ್ ಕಡೆಯ ಗಲ್ಲಿಯಲ್ಲಿ ಮೂರಡಿ ಅಗಲದ ಅಂಗಡಿಯ ಚಾಚಾನ ಮುಂದಿಟ್ಟೆ. ಅವರು ಕಣ್ಣಿಗೆ ಭೂತಗನ್ನಡಿಯನ್ನೂ ಏರಿಸಲಿಲ್ಲ. ಎಡಗೈಯಲ್ಲಿ ಚಹಾದ ಬಟ್ಟಲು ಹಾಗೇ ಇತ್ತು. ಚಾವಿಯನ್ನು ಹೊರಗೆ ಎಳೆದು, ಮೇಲಿನ ಗುಂಡಿಯನ್ನು ಟಕ್ ಟಕ್ ಒತ್ತಿ, ಮುಳ್ಳನ್ನು ಹೆಜ್ಜೆ ಹೆಜ್ಜೆಯಾಗಿ ಸೊನ್ನೆಗೆ ನಡೆಸಿ ತಂದು ನಿಲ್ಲಿಸಿದರು. ‘ಕೆಟ್ಟಿಲ್ರಿ ಇದು, ದಾರಿ ತಪ್ಪಿತ್ತು’ ಅಂದರು. ರೊಕ್ಕ ಕೊಡಹೋದರೆ ಚಹಾದ ಬಟ್ಟಲು ಮುಂದೆ ಮಾಡಿದರು.

ಅವರ ಮೇಜಿನ ಕೆಳಗೆ ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದರ ತುಂಬ ಸತ್ತ ಎಚ್‌ಎಂಟಿಗಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಬೆಂಗಳೂರಿನಲ್ಲಿ ಶುರುವಾದ ಕೆಲಸ, ಆಮೇಲೆ ತುಮಕೂರಿಗೂ ಹೋಯಿತು. ಅಳಿಯನಿಗೆ ಉಂಗುರದ ಜೊತೆ ಎಚ್‌ಎಂಟಿ ಬರದಿದ್ದರೆ ಬೀಗರ ಮುಖ ಸೊಟ್ಟಗಾಗುತ್ತಿದ್ದ ಕಾಲ ನೀವೂ ಕಂಡಿದ್ದೀರಿ. 2016ರಲ್ಲಿ ಸರಕಾರ ಬಾಗಿಲು ಹಾಕಲು ಒಪ್ಪಿಗೆ ಕೊಟ್ಟಿತು. ಹೊಸ ಸಾಮಾನು ಬರುವುದಿಲ್ಲ, ಆದ್ದರಿಂದ ಚಾಚಾ ಒಂದರ ಚಕ್ರ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಕಾರ್ಖಾನೆ ಹೋಗಿ ಇಷ್ಟು ವರ್ಷವಾದರೂ ಅವರ ಕೈಯಲ್ಲಿ ಎಚ್‌ಎಂಟಿ ಇನ್ನೂ ತಯಾರಾಗುತ್ತಲೇ ಇದೆ.

ಸ್ವಿಟ್ಜರ್ಲೆಂಡಿನಲ್ಲೂ ಅಂಥ ಚಾಚಾ ಒಬ್ಬರಿದ್ದರು. ಚಾರ್ಲ್ಸ್ ವೆರ್ಮೊ ಅಂತ, ಝೆನಿತ್ ಕಂಪನಿಯ ಕುಶಲಕರ್ಮಿ. ಬ್ಯಾಟರಿ ವಾಚು ಬಂತು, ಇನ್ನು ಈ ಹಳೆಯ ಕ್ರೋನೋಗ್ರಾಫಿನ ಅಚ್ಚು, ಉಪಕರಣಗಳನ್ನೆಲ್ಲ ಗುಜರಿಗೆ ಹಾಕಿ ಎಂದು 1975ರಲ್ಲಿ ಮಾಲಕರು ಆಜ್ಞೆ ಮಾಡಿದರು. ಆತ ಹ್ಞೂಂ ಅಂದು, ಎಲ್ಲವನ್ನೂ ಗುಟ್ಟಾಗಿ ಕಾರ್ಖಾನೆಯ ಅಟ್ಟದ ಮೇಲೆ ಬಚ್ಚಿಟ್ಟ, ಯಾವುದು ಯಾವುದಕ್ಕೆ ಎಂದು ಬರೆದೂ ಇಟ್ಟ. ಒಂಬತ್ತು ವರ್ಷದ ಮೇಲೆ ಕಂಪನಿಗೆ ಬುದ್ಧಿ ಬಂದಾಗ ಅಟ್ಟ ಹತ್ತಿ ಇಳಿಸಿದ್ದು ಅದನ್ನೇ. 1988ರಿಂದ 2000ದವರೆಗೆ ರೋಲೆಕ್ಸಿನ ಡೇಟೋನಾ ವಾಚಿನೊಳಗೆ ಓಡಿದ್ದೂ ಅದೇ ಯಂತ್ರದ ತಳಿ. ಇವತ್ತು ಕಂಪನಿಗಳು ಇಂಥವರ ಕಥೆ ಹೇಳಿಯೇ ವಾಚು ಮಾರುತ್ತವೆ, ಇಂಥವರ ಕೈಗೆ ಬಿಡಿಭಾಗ ಮಾತ್ರ ಕೊಡುವುದಿಲ್ಲ.

ಗೆಳೆಯರ ಇನ್ವೆಸ್ಟ್‌ಮೆಂಟ್ ಮಾತನ್ನು ಮಿಲ್ಲಿನ ಹೊಟ್ಟಿನ ಜೊತೆ ತೂರಿಬಿಡಿ. ಅವರು ಪಾಲ್ ನ್ಯೂಮನ್‌ನ ಹೆಸರು ಹೇಳಿಯೇ ಹೇಳಿರುತ್ತಾರೆ. ಆ ಹಾಲಿವುಡ್ ನಟನ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಕೋಟಿ 77 ಲಕ್ಷ ಡಾಲರಿಗೂ ಮೇಲೆ ಹೋಯಿತು, ನಿಜ. ಆದರೆ ಅದು ಲಾಕರಿನಲ್ಲಿದ್ದ ವಾಚಲ್ಲ. ವರ್ಷಗಟ್ಟಲೆ ಕಟ್ಟಿಕೊಂಡು ಓಡಾಡಿ, 1984ರಲ್ಲಿ ಮಗಳ ಗೆಳೆಯನಿಗೆ ಕೊಟ್ಟುಬಿಟ್ಟಿದ್ದ. ಆ ಹುಡುಗ ಅವರ ಮನೆಯ ಮರದ ಮೇಲಿನ ಗುಡಿಸಲು ರಿಪೇರಿ ಮಾಡುತ್ತಿದ್ದನಂತೆ (ನೋಡಿ, ಇಲ್ಲೂ ರಿಪೇರಿಯೇ). ನ್ಯೂಮನ್ ಟೈಮೆಷ್ಟು ಅಂದರೆ ಹುಡುಗ ನನ್ನ ಹತ್ತಿರ ವಾಚಿಲ್ಲ ಅಂದ, ನ್ಯೂಮನ್ ತನ್ನದನ್ನೇ ಬಿಚ್ಚಿ ಕೊಟ್ಟ. ನಿಮ್ಮ ವಾಚಿಗೆ ಆ ಬೆಲೆ ಬರಬೇಕಾದರೆ ಮೊದಲು ನೀವು ಪಾಲ್ ನ್ಯೂಮನ್ ಆಗಬೇಕು. ಇನ್ನು ಚಾವಿ ಕೊಡುವ ವಾಚನ್ನು ಲಾಕರಿನಲ್ಲಿಟ್ಟರೆ ಎರಡು ದಿನಕ್ಕೆ ನಿಲ್ಲುತ್ತದೆ, ವರ್ಷಾನುಗಟ್ಟಲೆ ಹಾಗೇ ಬಿದ್ದರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ. ಬಂದ್ ಬಿದ್ದ ವಾಚು ನಿಮ್ಮ ಅಲಮಾರಿಯಲ್ಲಿ ಈಗಾಗಲೇ ಒಂದಿದೆಯಲ್ಲ.

ಅಂದಹಾಗೆ ಮನೆಯವರ ಬಂಗಾರದ ಮಾತು ತೀರ ತೆಗೆದುಹಾಕುವಂಥದ್ದಲ್ಲ. ಸರ ಹರಿದರೆ ಸರಾಫ್ ಬಜಾರಿನಲ್ಲಿ ನಿಮ್ಮ ಕಣ್ಣೆದುರಿಗೇ ಬೆಸುಗೆ ಹಾಕಿಕೊಡುತ್ತಾರೆ. ಮಗನ ಸ್ಮಾರ್ಟ್ ವಾಚನ್ನು ಮಾತ್ರ ಮುಟ್ಟಬೇಡಿ. ಅದರ ಬ್ಯಾಟರಿ ಸತ್ತರೆ ವಾಚೂ ಸತ್ತ ಹಾಗೇ.

ನನಗೆ ಹೊಟ್ಟೆ ಉರಿಯುವುದು ವಾಚಿಗಲ್ಲ ಸಾಹುಕಾರರೇ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಬಂತು, 2019ರಲ್ಲಿ ಹೆಸರೂ ಬದಲಾಗಿ ಕಲ್ಯಾಣ ಕರ್ನಾಟಕವಾಯಿತು, ಅದೇ ವರ್ಷ ವಿಮಾನ ನಿಲ್ದಾಣವೂ ಆಯಿತು. ಆದರೆ ಏನೇ ಕೆಟ್ಟರೂ ನಾವು ಹೈದರಾಬಾದಿನ ಬಸ್ಸು ಹತ್ತುವುದು ತಪ್ಪಲಿಲ್ಲ, ಇಲ್ಲವೇ ಸೊಲ್ಲಾಪುರದ್ದು. ಸ್ಕ್ಯಾನಿಂಗ್ ಯಂತ್ರ ನಿಂತರೆ ಹೊರಗಿನ ಎಂಜಿನಿಯರು ಬರುವವರೆಗೆ ರೋಗಿ ಕಾಯಬೇಕು. ಕೊಳ್ಳಲು ನಮ್ಮೂರಲ್ಲಿ ಎಲ್ಲ ಸಿಗುತ್ತದೆ, ಕೊಂಡದ್ದನ್ನು ಉಳಿಸಿಕೊಳ್ಳಲು ಕೈ ಸಿಗುವುದಿಲ್ಲ. ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿ ಹಕ್ಕು’ ಅಂತ ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆ ಸಾಮಾನು, ವಾಹನ ಅದರಲ್ಲಿವೆ. ಒಳ್ಳೆಯದೇ. ಆದರೆ ಹಕ್ಕು ಚಲಾಯಿಸಲು ಸ್ಕ್ರೂಡ್ರೈವರ್ ಹಿಡಿಯುವವನೊಬ್ಬ ಬೇಕಲ್ಲ. ಚಾಚಾನ ಮಗ ಅಂಗಡಿಗೆ ಬರುವುದಿಲ್ಲ, ಪಾರ್ಸೆಲ್ ಹಂಚುತ್ತಾನೆ. ಬೀದರಿಗೆ ಹೋಗಿ ನೋಡಿ. ಸತುವಿನ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪು ತರುವ ಬಿದ್ರಿ ಕಲೆ ಅಲ್ಲಿಯದು. ಆ ಕೆಲಸದವನ ಹೂದಾನಿಗೆ ಇನ್ನೂರು ರೂಪಾಯಿ ಕಡಿಮೆ ಮಾಡು ಎಂದು ಅರ್ಧ ತಾಸು ಜಗಳಾಡುವ ನಾವು, ಸ್ವಿಸ್ ಅಂಗಡಿಯಲ್ಲಿ ಬೆಲೆ ಚೀಟಿಗೆ ಕೈಮುಗಿದು ನಿಲ್ಲುತ್ತೇವೆ.

ಇಷ್ಟಾದ ಮೇಲೂ ಮನಸ್ಸು ಕೇಳದಿದ್ದರೆ ಕನಿಷ್ಠ ತಡೆಯಿರಿ. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಅಲ್ಲಿನ ವಾಚುಗಳ ಆಮದು ಸುಂಕ ವರ್ಷ ವರ್ಷ ಇಳಿಯಬೇಕು. ಅವಸರ ಏನೂ ಇಲ್ಲ.

ಅಷ್ಟರೊಳಗೆ ಅಪ್ಪಾರ ಎಚ್‌ಎಂಟಿ ತೆಗೆದುಕೊಂಡು ಕಚೇರಿಗೆ ಬನ್ನಿ, ಚಾಚಾನ ಹತ್ತಿರ ನಾನೇ ಕರೆದೊಯ್ಯುತ್ತೇನೆ. ಹಿಂದಿನ ಮುಚ್ಚಳ ನೀವೇ ಚಾಕುವಿನಿಂದ ತೆಗೆಯಹೋಗಬೇಡಿ, ಅವರಿಗೆ ಸಿಟ್ಟು ಬರುತ್ತದೆ. ಹಳೆಯ ಪಟ್ಟಿ ಹರಿದಿದ್ದರೂ ಬಿಸಾಡದೆ ತನ್ನಿ. ಬುಧವಾರ, ಗುರುವಾರ ಯಾವ ಹೊತ್ತಿಗಾದರೂ ಸರಿ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ನಮಾಜಿಗೆ ಹೋಗಿರುತ್ತಾರೆ, ಮೂರರವರೆಗೆ ಬಾಗಿಲು ತೆಗೆಯುವುದಿಲ್ಲ.