ಪಕ್ಕದ ಮನೆಯ ಹೋಳಿಗೆ ಮತ್ತು ಅರ್ಧ ಓದಿದ ಫತ್ವಾ

ಪ್ರಶ್ನೆ: ಮೂವತ್ತು ವರ್ಷಗಳಿಂದ ಯುಗಾದಿಗೆ ಪಕ್ಕದ ಮನೆಯವರು ಹೋಳಿಗೆ ಕೊಡುತ್ತಾರೆ. ಅದನ್ನು ತಿನ್ನುವುದೂ ಅವರಿಗೆ ಶುಭಾಶಯ ಹೇಳುವುದೂ ಹರಾಮ್ ಎಂದು ಮಗ ಮೊಬೈಲಿನಲ್ಲಿ ಬಂದ ಫತ್ವಾ ತೋರಿಸುತ್ತಿದ್ದಾನೆ. ಏನು ಮಾಡಲಿ?

ಉತ್ತರ: ಪ್ರತಿ ಹಬ್ಬಕ್ಕೂ ಇದೇ ಪ್ರಶ್ನೆ ಬರುತ್ತದೆ, ಅದರ ಜೊತೆಗೆ ಇಬ್ನ್ ತೈಮಿಯ್ಯಾ ಅವರ ಅದೇ ಎರಡು ಸಾಲುಗಳೂ ಬರುತ್ತವೆ. 1328ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಆ ವಿದ್ವಾಂಸರು ಅನ್ಯಧರ್ಮೀಯರ ಹಬ್ಬಗಳಲ್ಲಿ ಪಾಲ್ಗೊಳ್ಳುವುದನ್ನು ಕಟುವಾಗಿ ವಿರೋಧಿಸಿದ್ದು ನಿಜ. ಆದರೆ ಆ ವಿರೋಧವನ್ನು ಬರೆದ ಗ್ರಂಥದಲ್ಲೇ, ಪರ್ಷಿಯನ್ನರ ಹೊಸವರ್ಷದ ಹಬ್ಬವಾದ ನೌರೋಝ್ ದಿನ ಬಂದ ಉಡುಗೊರೆಯನ್ನು ಖಲೀಫ ಅಲಿ ಸ್ವೀಕರಿಸಿದ್ದನ್ನು ಆಧಾರವಾಗಿಟ್ಟುಕೊಂಡು, ಹಬ್ಬದ ಉಡುಗೊರೆ ಪಡೆಯಲು ಅಡ್ಡಿಯಿಲ್ಲವೆಂದು ಅವರೇ ಬರೆದಿದ್ದಾರೆ. ಅಗ್ನಿಪೂಜಕರ ಹಬ್ಬದ ಕಾಣಿಕೆಯ ಬಗ್ಗೆ ಕೇಳಿದವರಿಗೆ ಪ್ರವಾದಿಯವರ ಪತ್ನಿ ಆಯಿಷಾ, ಆ ದಿನಕ್ಕೆಂದು ಕೊಯ್ದದ್ದು ಬೇಡ, ಹಣ್ಣುಹಂಪಲು ತಿನ್ನಿ ಎಂದ ವರದಿಯೂ ಅಲ್ಲಿದೆ. ಆಕ್ಷೇಪವಿದ್ದದ್ದು ಪ್ರಾಣಿವಧೆಗೆ, ಬೇಳೆ, ಬೆಲ್ಲ, ತುಪ್ಪದ ಹೋಳಿಗೆಗೆ ಅದು ತಗಲುವುದಿಲ್ಲ. ಪುಟ ತಿರುಗಿಸುವ ತಾಳ್ಮೆಯಿಲ್ಲದವರು ಫತ್ವಾ ಹಂಚುವುದನ್ನು ದಯವಿಟ್ಟು ನಿಲ್ಲಿಸಬೇಕು.

ದೇವರಿಗೆ ನೈವೇದ್ಯ ಮಾಡಿದ್ದನ್ನು ಮಾತ್ರ ನಾನು ತಿನ್ನುವುದಿಲ್ಲ. ಇದರಲ್ಲಿ ನಾನು ಎಚ್ಚರಿಕೆಯ ಪಕ್ಷ. ಹಾಗೆಂದು ಕೊಟ್ಟವರ ಮುಂದೆ ಮುಖ ಸಿಂಡರಿಸಿದ್ದೂ ಇಲ್ಲ. ವಿಷಯವನ್ನು ಮೆಲ್ಲಗೆ ತಿಳಿಸಿದರೆ ನೆರೆಯವರು ಅರ್ಥಮಾಡಿಕೊಳ್ಳುತ್ತಾರೆ, ಮುಂದಿನ ವರ್ಷ ನಮಗೆಂದೇ ಬೇರೆ ತೆಗೆದಿಟ್ಟು ಕೊಡುತ್ತಾರೆ.

ಶುಭಾಶಯದ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಇಬ್ನ್ ತೈಮಿಯ್ಯಾರ ಶಿಷ್ಯ ಇಬ್ನುಲ್ ಕಯ್ಯಿಮ್ ಅದನ್ನು ನಿಷಿದ್ಧವೆಂದರು. 1997ರಲ್ಲಿ ಲಂಡನ್‌ನಲ್ಲಿ ಸ್ಥಾಪನೆಯಾದ ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯು, ಆರಾಧನೆಯಲ್ಲಿ ಸೇರದೆ ಹೇಳುವ ಶುಭಾಶಯಕ್ಕೆ ಅನುಮತಿ ನೀಡಿತು. ನನ್ನ ಒಲವು ಎರಡನೆಯದಕ್ಕೆ. ಧರ್ಮದ ಕಾರಣಕ್ಕೆ ನಿಮ್ಮೊಡನೆ ಹೋರಾಡದವರಿಗೆ ಒಳಿತು ಮಾಡುವುದನ್ನೂ ಅವರೊಡನೆ ನ್ಯಾಯವಾಗಿ ನಡೆದುಕೊಳ್ಳುವುದನ್ನೂ ಅಲ್ಲಾಹನು ತಡೆಯುವುದಿಲ್ಲ ಎಂದು ಕುರ್‌ಆನ್‌ನ 60ನೇ ಅಧ್ಯಾಯದ 8ನೇ ವಚನ ಹೇಳುತ್ತದೆ. ಬಹುದೇವಾರಾಧಕಿಯಾಗಿದ್ದ ತಾಯಿ ಮದೀನಾಕ್ಕೆ ಬಂದಾಗ, ಆಕೆಯೊಡನೆ ಸಂಬಂಧ ಉಳಿಸಿಕೊಳ್ಳಲೇ ಎಂದು ಅಬೂಬಕರ್ ಅವರ ಮಗಳು ಅಸ್ಮಾ ಕೇಳಿದರು. ಪ್ರವಾದಿಯವರು ಹೌದು ಎಂದರು.

ಇನ್ನೊಂದು ಮಾತನ್ನು ನಿಮ್ಮ ಮಗನಿಗೆ ಹೇಳಿ. ಅಲ್ಪಸಂಖ್ಯಾತರ ಫಿಕ್‌ಹ್ (ಅಲ್ಪಸಂಖ್ಯಾತರಾಗಿ ಬಾಳುವ ಮುಸ್ಲಿಮರಿಗಾಗಿ ಧರ್ಮಶಾಸ್ತ್ರ) ಎಂಬ ಹೆಸರು ಹರಡಿದ್ದು 1990ರ ದಶಕದಲ್ಲಿ, ಅಮೆರಿಕ ಮತ್ತು ಯುರೋಪಿಗೆ ವಲಸೆ ಹೋದವರ ಇಕ್ಕಟ್ಟುಗಳಿಗಾಗಿ. ಶತಮಾನಗಳಿಂದ ಇದೇ ಮಣ್ಣಿನಲ್ಲಿರುವ ನಾವು ನೆರೆಯವರ ಸ್ನೇಹವನ್ನು ಅನಿವಾರ್ಯಕ್ಕೆ ಸಿಕ್ಕ ರಿಯಾಯಿತಿಯೆಂದು ಭಾವಿಸುವುದು ನನಗೆ ನೋವು ತರುತ್ತದೆ. ಆ ಸ್ನೇಹ ಮೇಲಿನ ವಚನದ ನೇರ ಬೋಧನೆ.

ಪ್ರಶ್ನೆ: ಫತ್ವಾ ಬಂದರೆ ಒಪ್ಪಲೇಬೇಕೇ?

ಉತ್ತರ: ಇಲ್ಲ, ಅದು ಅಭಿಪ್ರಾಯ, ಅದಕ್ಕೆ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಪ್ರಶ್ನೆ: ಮುಸ್ಲಿಂ ಆಳ್ವಿಕೆಯಿಲ್ಲದ ನಾಡು ಯುದ್ಧಭೂಮಿ (ದಾರುಲ್ ಹರ್ಬ್, ಅಂದರೆ ಮುಸ್ಲಿಮರಿಗೆ ಶತ್ರುನಾಡು) ಅಲ್ಲವೇ? ಇಬ್ನ್ ತೈಮಿಯ್ಯಾರ ಮಾರ್ದೀನ್ ಫತ್ವಾದಲ್ಲಿ ಹಾಗಿದೆಯಂತೆ.

ಉತ್ತರ: ಇಲ್ಲ. ಇಂದಿನ ಟರ್ಕಿಯಲ್ಲಿರುವ, ಆಗ ಮಂಗೋಲರ ಅಧೀನದಲ್ಲಿದ್ದ ಮಾರ್ದೀನ್ ಪಟ್ಟಣವನ್ನು ಇಬ್ನ್ ತೈಮಿಯ್ಯಾ ಯುದ್ಧಭೂಮಿಯೆಂದೂ ಕರೆಯಲಿಲ್ಲ, ಇಸ್ಲಾಮಿನ ನಾಡೆಂದೂ ಕರೆಯಲಿಲ್ಲ; ಮೂರನೆಯ ಬಗೆಯೆಂದರು. ಅಲ್ಲಿ ಇಸ್ಲಾಮಿನ ಧರ್ಮಶಾಸ್ತ್ರದ ಹೊರಗಿರುವವರೊಡನೆ ತಕ್ಕಂತೆ 'ವ್ಯವಹರಿಸಬೇಕು' ಎಂದಿದ್ದ ಅರಬಿ ಪದ 20ನೇ ಶತಮಾನದ ಆರಂಭದ ಮುದ್ರಣದಲ್ಲಿ 'ಹೋರಾಡಬೇಕು' ಎಂದಾಗಿ, ಉಗ್ರವಾದಿಗಳು ಅದನ್ನೇ ಹಿಡಿದುಕೊಂಡರು. 2010ರಲ್ಲಿ ಮಾರ್ದೀನಿನಲ್ಲೇ ಸೇರಿದ ವಿದ್ವಾಂಸರು ಹಳೆಯ ಹಸ್ತಪ್ರತಿಯ ಆಧಾರದಿಂದ ಆ ತಪ್ಪನ್ನು ಎತ್ತಿ ತೋರಿಸಿದ್ದಾರೆ.